ಹಿಂದಕ್ಕೆ ನಡೆಯುವವಳಿಗೊಂದು ಚೀಟಿ

ನಕ್ಷೆ ಬರೆಯುವವರು ಬೆರಳಿಡದೆ ದಾಟಿಹೋದ ಒಂದು ಊರು. ಅಲ್ಲಿ ಬಾವಿ ಎಲ್ಲರದು, ಗಾಳಿ ಎಲ್ಲರದು, ಬೈಗುಳವಂತೂ ಕೇಳದವರಿಗೂ ಸಿಗುತ್ತದೆ. ಬಿಸಿಲು ಮಾತ್ರ ಊರಿನಲ್ಲಿ ಹುಟ್ಟಿದವರದು. ಹೊರಗಿನಿಂದ ಬಂದವರ ಪಾದ ಆ ಊರಿನ ಬಿಸಿಲುನೆಲವನ್ನು ಮುಟ್ಟುವಂತಿಲ್ಲ. ಅವರನ್ನು ಯಾರು ಕರೆತಂದರೋ ಅವರ ನೆರಳಿನಲ್ಲಿ ನಿಲ್ಲಬೇಕು, ಅವರ ನೆರಳಿನಲ್ಲಿ ನಡೆಯಬೇಕು, ಅವರ ಸೂರು ಸಿಕ್ಕ ಮೇಲೆ ಕಾಲು ಚಾಚಿ ಉಸಿರು ಬಿಡಬೇಕು.

ಸೇತುವೆ ಮುಗಿಯುವಲ್ಲಿ ಚೀಟಿಮನೆ. ಹಗ್ಗದವಳು ಆ ಊರಿಗೆ ಬಂದ ದಿನ ಚೀಟಿಮನೆಯ ಹೊಸ್ತಿಲಿನಲ್ಲಿ, ತನ್ನ ಗಂಡನ ನೆರಳಿನೊಳಗೆ ಎರಡೂ ಪಾದ ಜೋಡಿಸಿಕೊಂಡು ನಿಂತಿದ್ದಳು. ಎದೆ ಡೋಲಿನಂತೆ ಬಡಿಯುತ್ತಿತ್ತು. ಹೆದರಿಕೆಯಿಂದಲ್ಲ, ಖುಷಿಯಿಂದ. ಚೀಟಿಯವನು ಕಟ್ಟಳೆ ಓದಿದ. ಅವಳಿಗೆ ಕೇಳುವುದಿತ್ತು.

"ಮರದ ನೆರಳಲ್ಲಿ ನಿಲ್ಲಬಹುದಾ ಸ್ವಾಮಿ?"

"ಮರದ ನೆರಳು ಮರದ್ದು."

"ಗೋಡೆಯ ನೆರಳು?"

"ಗೋಡೆಯದು."

"ಕೊಡೆ ಹಿಡಿದುಕೊಂಡರೆ?"

"ಕೊಡೆಯ ನೆರಳು ಕೊಡೆಯದು. ನೀವು ಕೊಡೆಯನ್ನು ಮದುವೆಯಾಗಿಲ್ಲವಲ್ಲಮ್ಮ."

"ಚಪ್ಪಲಿ ಹಾಕಿದರೆ?"

"ಚಪ್ಪಲಿಯೂ ಪಾದವೇ. ಪಾದ ಬಿಸಿಲಿಗೆ ಬಿತ್ತೋ, ನಾನು ಮೂರು ಸಲ ಚಪ್ಪಾಳೆ ತಟ್ಟುತ್ತೇನೆ. ಹೊತ್ತು ಮುಳುಗುವುದರೊಳಗೆ ಸೇತುವೆಯ ಆಚೆ. ಆಮೇಲೆ ಏಳು ವರ್ಷ ಸೇತುವೆಗೆ ಆ ಪಾದದ ಗುರುತು ಇರುವುದಿಲ್ಲ."

ಇಷ್ಟು ಹೇಳಿ ಅವನು ನೆರಳಿನ ಚೀಟಿ ಬರೆದುಕೊಟ್ಟ. ಮೂರು ಹುಣ್ಣಿಮೆಯ ಅವಧಿ. ಆಮೇಲೆ ಮತ್ತೆ ಬಂದು ಬರೆಸಿಕೊಳ್ಳಬೇಕು, ಮತ್ತೆ ಮೂರು ಹುಣ್ಣಿಮೆ, ಮತ್ತೆ ಬರಬೇಕು.

ಅವಳ ಗಂಡ ಆ ಊರಿಗೆ ನೀರು ಸೇದಿಕೊಡುವ ನೀರಿನವನು. ಊರಿನ ಬಾವಿ ಪಾತಾಳದಷ್ಟು ಆಳ. ಅದಕ್ಕೆ ನಲವತ್ತು ಹೆಜ್ಜೆ ಉದ್ದದ ಹಗ್ಗ ಬೇಕು. ಆ ಊರಿನಲ್ಲಿ ಹಗ್ಗ ಹೊಸೆಯುವವರು ಯಾರೂ ಇಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಹಳೆಯ ಹಗ್ಗ ಸವೆದಾಗ ಅವನು ಸೇತುವೆ ದಾಟಿ ಅವಳ ಊರಿಗೆ ಬರುತ್ತಿದ್ದ, ಅವಳ ಕೈಯ ಹಗ್ಗವನ್ನೇ ಆರಿಸುತ್ತಿದ್ದ. ಮೂರನೆಯ ವರ್ಷ ಹಗ್ಗ ಸವೆಯುವ ಮೊದಲೇ ಬಂದ. ಅದೇ ವರ್ಷ ಇನ್ನೊಮ್ಮೆ ಬಂದ. ಐದನೆಯ ಸಲ ಬಂದಾಗ ಅವಳ ತಾಯಿ, "ಅಲ್ಲಾ ಕಣಪ್ಪಾ, ನಿಮ್ಮೂರ ಬಾವಿಯೇನು ಹಗ್ಗ ತಿನ್ನುತ್ತದಾ?" ಎಂದು ಕೇಳಿದಳು. ಅವನು ನೆಲ ನೋಡಿದ. ಇವಳು ನಕ್ಕಳು. ಮಾತುಕತೆ ಅಲ್ಲಿಗೆ ಮುಗಿಯಿತು.

ಒಂದೇ ತೊಡಕು: ನೀರಿನವನು ಮೋಟು. "ನೆರಳಿನ ಊರಿಗೆ ಹೋಗುವವಳು ಉದ್ದನೆಯವನನ್ನು ನೋಡಿಕೊಳ್ಳಬಾರದಿತ್ತೇನೇ?" ಎಂದು ತಾಯಿ ಸೇತುವೆಯವರೆಗೂ ಗೊಣಗಿಕೊಂಡೇ ಬಂದಿದ್ದಳು.

ಮೊದಲ ದಿನಗಳು ಹಬ್ಬದಂತಿದ್ದವು. ಬೆಳಗ್ಗೆ ಅವನ ನೆರಳು ಪಡುವಣಕ್ಕೆ ಚಾಚುತ್ತಿತ್ತು. ಅವಳು ಅದರ ತಲೆಯ ತುದಿಯಲ್ಲಿ ನಿಂತು ತರಕಾರಿ ಕೊಳ್ಳುತ್ತಿದ್ದಳು, ಅವನು ಹನ್ನೊಂದು ಹೆಜ್ಜೆ ದೂರದಲ್ಲಿ ಕಂಬದಂತೆ ನಿಂತಿರುತ್ತಿದ್ದ. "ಬದನೆಕಾಯಿ ನೋಡಬೇಕು, ಒಂಚೂರು ಎಡಕ್ಕೆ!" ಎಂದು ಕೂಗಿದರೆ ಅವನು ಎಡಕ್ಕೆ ವಾಲುತ್ತಿದ್ದ. ಮೋಡದ ದಿನ ಬಂದರೆ ಊರಿನ ಹೊರಗಿನ ಸೊಸೆಯಂದಿರೆಲ್ಲ ಬೀದಿಗಿಳಿದು ಓಡಾಡುತ್ತಿದ್ದರು. ಮೋಡ ಯಾರದು ಎಂಬುದನ್ನು ಕಟ್ಟಳೆ ಹೇಳಿರಲಿಲ್ಲ. ನಡುಮಧ್ಯಾಹ್ನ ಮಾತ್ರ ನೀರಿನವನ ನೆರಳು ಊಟದ ತಟ್ಟೆಯಷ್ಟೇ ಆಗಿ ಅವನ ಕಾಲಡಿಗೇ ಸೇರಿಕೊಳ್ಳುತ್ತಿತ್ತು. ಆಗ ಅವಳು ಅವನ ಪಾದಗಳ ಮೇಲೆ ತನ್ನ ಪಾದ ಇಟ್ಟು ನಿಲ್ಲುತ್ತಿದ್ದಳು. ಊರಿನವನ ಪಾದ ಊರಿನದೇ, ಅದು ಬಿಸಿಲುನೆಲವಲ್ಲ. ಚೀಟಿಯವನೂ ಪುಸ್ತಕ ತಿರುವಿ ನೋಡಿ ಒಪ್ಪಿದ್ದ. ಹಾಗೆ ಅವಳನ್ನು ಹೊತ್ತು ಅವನು ಮನೆಗೆ ನಡೆಯುವಾಗ ಬೀದಿಯ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು.

ಮೊದಲ ಹುಣ್ಣಿಮೆಯ ಹೊತ್ತಿಗೆ ಅವಳ ಅಂಗೈ ತುರಿಸತೊಡಗಿತು.

ಹಗ್ಗ ಹೊಸೆಯುವುದೆಂದರೆ ಕೂತು ಮಾಡುವ ಕೆಲಸವಲ್ಲ. ಮೂರು ಎಳೆಯ ತುದಿಯನ್ನು ಇನ್ನೊಬ್ಬರು ತಿರುಗಿಸುವ ತಿರುಗಣೆಯ ಕೊಕ್ಕೆಗೆ ಸಿಕ್ಕಿಸಿ, ಕತ್ತಾಳೆ ನಾರಿನ ಕಟ್ಟನ್ನು ಸೊಂಟಕ್ಕೆ ಬಿಗಿದು, ನಾರು ಬಿಡುತ್ತಾ, ಬೆರಳಲ್ಲಿ ಹುರಿ ಹಿಡಿಯುತ್ತಾ, ಹಿಂದಕ್ಕೆ ನಡೆಯಬೇಕು. ನಲವತ್ತು ಹೆಜ್ಜೆ ಹಗ್ಗಕ್ಕೆ ನಲವತ್ತು ಹೆಜ್ಜೆ ಹಿಂದಕ್ಕೆ. ಎಲ್ಲಿಗೆ ಹೋಗುತ್ತಿದ್ದೇವೆಂದು ನೋಡುವಂತಿಲ್ಲ, ಎಲ್ಲಿಂದ ಬಂದೆವೆಂಬುದಷ್ಟೇ ಕಣ್ಣ ಮುಂದೆ. ಅವಳ ಅಜ್ಜಿ ಹಾಗೆ ನಡೆದಿದ್ದಳು, ತಾಯಿ ಹಾಗೆ ನಡೆದಿದ್ದಳು, ಇವಳೂ ನೆಟ್ಟಗೆ ಮುಂದಕ್ಕೆ ನಡೆಯಲು ಕಲಿಯುವ ಮೊದಲೇ ಹಿಂದಕ್ಕೆ ನಡೆಯಲು ಕಲಿತವಳು. ಆದರೆ ಗಂಡನ ನೆರಳು ಹನ್ನೊಂದು ಹೆಜ್ಜೆ, ಮನೆಯ ಒಳಗು ಏಳು ಹೆಜ್ಜೆ. ಏಳು ಹೆಜ್ಜೆಯ ಹಗ್ಗದಲ್ಲಿ ಕರು ಕಟ್ಟಬಹುದು. ಗಂಟು ಹಾಕಿ ಉದ್ದ ಮಾಡಿದರೆ ಬಾವಿಯ ರಾಟೆಯಲ್ಲಿ ಗಂಟು ಸಿಕ್ಕಿಕೊಳ್ಳುತ್ತದೆ.

"ನಿನ್ನೂರಿಗೇ ಹೋಗಿಬಿಡೋಣ" ಎಂದ ನೀರಿನವನು ಒಂದು ಸಂಜೆ, ಅವಳು ಸುಮ್ಮನೆ ಗೋಡೆ ನೋಡುವುದನ್ನು ಕಂಡು.

"ನಮ್ಮೂರಲ್ಲಿ ಹೊರಗಿನ ಅಳಿಯ ಹನ್ನೆರಡು ವರ್ಷ ನೀರು ಮುಟ್ಟುವ ಹಾಗಿಲ್ಲ. ಬಾಯಾರಿದರೆ ಅತ್ತೆ ಕುಡಿಸಬೇಕು."

"ಸ್ನಾನ?"

"ಅದೂ ಅತ್ತೆಯೇ."

ನೀರಿನವನು ತನ್ನ ಮೈಕೈ ಒಮ್ಮೆ ನೋಡಿಕೊಂಡ. "ಇಲ್ಲೇ ಏನಾದರೂ ನೋಡೋಣ" ಎಂದ.

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಅವಳು ಹೇಳಿದಳು: "ನಿನ್ನ ಬಿಟ್ಟು ಇರಲಾರೆ, ನಿಜ. ಆದರೆ ಕೈ ಕಟ್ಟಿಕೊಂಡು ನಿನ್ನ ಹಿಂದೆ ಹಿಂದೆ ಸುತ್ತುತ್ತಾ ಇದ್ದರೆ ನಿನ್ನ ಜೊತೆ ಇರುವವಳು ನಾನಲ್ಲ, ಬೇರೆ ಯಾರೋ. ಅವಳನ್ನು ನೀನು ಐದು ಸಲ ಸೇತುವೆ ದಾಟಿ ನೋಡಲು ಬರುತ್ತಿರಲಿಲ್ಲ."

ಪಕ್ಕದ ಮನೆಯಲ್ಲಿ ಮಜ್ಜಿಗೆಯವಳಿದ್ದಳು. ಇಪ್ಪತ್ತೊಂದು ವರ್ಷದ ಹಿಂದೆ ಅವಳೂ ಸೇತುವೆ ದಾಟಿ ಬಂದವಳೇ. ಯಾವ ಚೀಟಿಗೆ ಯಾವ ಬಾಗಿಲು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಮಜ್ಜಿಗೆ ಕಡೆಯುತ್ತಾ ಕಡೆಯುತ್ತಾ ಹೇಳಿದಳು:

"ನೋಡೇ ಹುಡುಗಿ, ಒಂದು, ನೆಲೆಯ ಚೀಟಿ. ಇಪ್ಪತ್ತು ವರ್ಷ ಗಂಡನ ನೆರಳಲ್ಲಿ ನಿಂತರೆ ತಾನಾಗಿ ಬರುತ್ತೆ. ನನಗೆ ಬಂತಲ್ಲ. ಬಿಸಿಲು ಸಿಕ್ಕಿತು, ಆ ಹೊತ್ತಿಗೆ ಮಂಡಿ ಹೋಯಿತು. ಎರಡು, ಕಲಿಕೆಯ ಚೀಟಿ. ಗುರುಗಳ ಜಗಲಿವರೆಗೆ ಬೆಳಗಿನ ಬಿಸಿಲಲ್ಲಿ ಹೋಗಿಬರಬಹುದು. ಆದರೆ ನಿನಗೆ ಗೊತ್ತಿರೋದನ್ನೆಲ್ಲ ಗೊತ್ತಿಲ್ಲ ಅಂತ ಬರೆದುಕೊಡಬೇಕು."

"ಹಗ್ಗ ಹೊಸೆಯೋದೂ?"

"ಅದನ್ನೇ ಮೊದಲು. ಮೂರು, ಕಸುಬಿನ ಚೀಟಿ." ಇಲ್ಲಿ ಮಜ್ಜಿಗೆಯವಳ ಕಡಗೋಲು ನಿಂತಿತು. "ಊರಲ್ಲಿ ಯಾರಿಗೂ ಬಾರದ ಕಸುಬು ನಿನಗೆ ಬಂದರೆ, ನಿನ್ನ ನೆರಳು ನಿನ್ನದು, ಬಿಸಿಲಿಗೆ ಇಳಿಯಬಹುದು. ಏಳು ಸಂತೆ ಡಂಗುರ ಹೊಡೆಸುತ್ತಾರೆ. 'ಈ ಕಸುಬು ಬಲ್ಲವರು ಊರಲ್ಲಿ ಯಾರಾದರೂ ಇದ್ದೀರಾ' ಅಂತ. ಒಬ್ಬ ಕೈ ಎತ್ತಿದರೂ ಮುಗಿಯಿತು."

"ಯಾರೂ ಎತ್ತಲ್ಲ. ಈ ಊರಲ್ಲಿ ಯಾರಿಗೂ ಬರಲ್ಲ!" ಹಗ್ಗದವಳು ಎದ್ದೇ ನಿಂತಳು.

"ಕೂತ್ಕೋ. ಇನ್ನೂ ಇದೆ. ಕಸುಬಿನ ಚೀಟಿ ಕೇಳುವವರು ನೆರಳಿನ ಚೀಟಿಯನ್ನು ಮೇಜಿನ ಮೇಲೆ ಇಡಬೇಕು. ಕಸುಬಿನದು ಸಿಗದಿದ್ದರೆ ನೆರಳಿನದೂ ಇಲ್ಲ. ನೇರ ಸೇತುವೆ. ಏಳು ವರ್ಷ."

ಹಗ್ಗದವಳು ಕೂತಳು. ಒಂದು ಲೋಟ ಮಜ್ಜಿಗೆ ಕುಡಿದಳು. ಮತ್ತೆ ಎದ್ದಳು.

ಚೀಟಿಮನೆಗೆ ಹೋಗಿ, ಗಂಡನ ನೆರಳಿನೊಳಗಿಂದಲೇ ಕೈ ಚಾಚಿ, ತನ್ನ ಕಸುಬಿನ ವಿವರ ಬರೆದ ಕಾಗದದ ಜೊತೆ ನೆರಳಿನ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಚೀಟಿಯವನು ಕನ್ನಡಕದ ಮೇಲಿನಿಂದ ನೋಡಿದ. "ಇಟ್ಟಿದ್ದನ್ನು ಈಗಲೂ ಎತ್ತಿಕೊಳ್ಳಬಹುದಮ್ಮ. ನಾನು ನೋಡಿಲ್ಲ ಅಂದುಕೊಳ್ಳುತ್ತೇನೆ."

"ನೋಡಿ ಸ್ವಾಮಿ. ಚೆನ್ನಾಗಿ ನೋಡಿ."

ಡಂಗುರ ಶುರುವಾಯಿತು. ಸಂತೆ ಸಂತೆಗೂ ಡಂಗುರದವನು ನಾಲ್ಕು ದಿಕ್ಕಿಗೆ ತಿರುಗಿ ನಾಲ್ಕು ಸಲ ಬಡಿಯುತ್ತಿದ್ದ. ಹಗ್ಗ ಹೊಸೆಯಬಲ್ಲವರು ಇದ್ದೀರಾ? ಒಂದನೆಯ ಸಂತೆ. ಯಾರೂ ಇಲ್ಲ. ಹಗ್ಗ ಹೊಸೆಯಬಲ್ಲವರು ಇದ್ದೀರಾ? ಎರಡನೆಯ ಸಂತೆ. ಯಾರೂ ಇಲ್ಲ. ಮೂರನೆಯ ಸಂತೆಯಲ್ಲಿ ಒಬ್ಬ ಮುದುಕ ಕೈ ಎತ್ತಿದ, ಹಗ್ಗದವಳ ಜೀವ ಬಾಯಿಗೆ ಬಂತು. ಅವನು ಬೆನ್ನು ಕೆರೆದುಕೊಂಡು ಕೈ ಇಳಿಸಿದ. ಅವಳಿಗೆ ಊಟ ರುಚಿಸುತ್ತಿರಲಿಲ್ಲ, ಆದರೆ ಎರಡು ಪಾಲು ಉಣ್ಣುತ್ತಿದ್ದಳು. ಯಾವ ನಾರು ತರಿಸಬೇಕು, ತಿರುಗಣೆ ಎಲ್ಲಿ ಹೂಡಬೇಕು, ಮೊದಲ ಹಗ್ಗ ಯಾರಿಗೆ ಎಂದು ಒಲೆಯ ಮುಂದೆ ಕೂತು ಬೆರಳು ಮಡಿಚುತ್ತಿದ್ದಳು. ಏಳನೆಯ ಸಂತೆಯೂ ಕಳೆಯಿತು. ಯಾರೂ ಇಲ್ಲ.

"ಕೊಡಿ ಸ್ವಾಮಿ ಚೀಟಿ" ಎಂದಳು ಹಗ್ಗದವಳು.

"ಊರಿನವರಿಗೆ ಬರುವುದಿಲ್ಲ ಎಂದು ಗೊತ್ತಾಯಿತು" ಎಂದ ಚೀಟಿಯವನು. "ನಿಮಗೆ ಬರುತ್ತದೆ ಎಂದು ಗೊತ್ತಾಗಬೇಕಲ್ಲ. ಮೂರನೆಯ ಹುಣ್ಣಿಮೆಯ ದಿನ, ಸಂತೆಯ ಬಯಲಿನಲ್ಲಿ, ನಡುಮಧ್ಯಾಹ್ನ. ನಲವತ್ತು ಹೆಜ್ಜೆಯ ಹಗ್ಗ."

"ನಡುಮಧ್ಯಾಹ್ನವೇ ಯಾಕೆ?"

"ಜನ ಸೇರುವುದು ಆಗ."

"ಬಿಸಿಲಿನಲ್ಲಿ ಹೇಗೆ ಸ್ವಾಮಿ ನಡೆಯಲಿ?"

"ಚೀಟಿ ಸಿಗುವವರೆಗೆ ನಡೆಯುವಂತಿಲ್ಲ."

"ನಡೆಯದೆ ಚೀಟಿ ಸಿಗುವುದಿಲ್ಲ."

"ಹೌದು" ಎಂದ ಚೀಟಿಯವನು. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ಮಳೆ ಬರುತ್ತದೆ ಎಂದು ಹೇಳುವವನ ಹಾಗೆ ಹೇಳಿದ.

ಹುಣ್ಣಿಮೆಯ ದಿನ ಬಯಲು ತುಂಬಿತು. ಬಯಲಿನ ಒಂದು ಅಂಚಿಗೆ ಬಾವಿ, ಇನ್ನೊಂದು ಅಂಚಿಗೆ ಚೀಟಿಯವನ ಕುರ್ಚಿ. ಮಜ್ಜಿಗೆಯವಳು ಸೆರಗು ಕಟ್ಟಿ ತಿರುಗಣೆಯ ಹಿಡಿ ಹಿಡಿದು ಕೂತಳು. ಸೂರ್ಯ ನೆತ್ತಿಗೆ ಬಂದ. ನೀರಿನವನ ನೆರಳು ತಟ್ಟೆಯಷ್ಟಾಯಿತು. ಹಗ್ಗದವಳು ಸೊಂಟಕ್ಕೆ ನಾರು ಬಿಗಿದು, ಗಂಡನಿಗೆ ಬೆನ್ನು ಕೊಟ್ಟು, ಅವನ ಪಾದಗಳ ಮೇಲೆ ಹತ್ತಿದಳು.

"ನನ್ನ ಹೊತ್ತುಕೊಂಡು ಹಿಂದಕ್ಕೆ ನಡೆಯೋದು ನಿನಗೆ ಬರುತ್ತಾ?" ಎಂದು ಪಿಸುಗುಟ್ಟಿದಳು.

"ಬರಲ್ಲ. ನೀನು ಎಳೆ ನೋಡು, ಹೆಜ್ಜೆ ನನಗೆ ಬಿಡು."

"ನಿನಗೆ ಹಿಂದೆ ಕಾಣಲ್ಲ. ಮುಂದೆ ನನ್ನ ಬೆನ್ನು."

"ನೋಡೋದಕ್ಕೆ ಅದೇನು ಕಡಿಮೆಯಾ? ನಡಿಯೇ."

ತಿರುಗಣೆ ತಿರುಗಿತು. ನಾರು ಎಳೆಯಾಯಿತು, ಎಳೆ ಹುರಿಯಾಯಿತು. ಅವನು ಒಂದು ಹೆಜ್ಜೆ ಹಿಂದಿಟ್ಟ, ಅವಳು ಒಂದು ಹಿಡಿ ನಾರು ಬಿಟ್ಟಳು. ಒಂದು ಹೆಜ್ಜೆ, ಒಂದು ಹಿಡಿ. ಮೊದಮೊದಲು ಜನ ಕೇಕೆ ಹಾಕಿದರು. ಹತ್ತು ಹೆಜ್ಜೆಗೆ ಕೇಕೆ ನಿಂತಿತು. ಹದಿನೈದಕ್ಕೆ ಯಾರೋ, "ಹಿಂದೆ ಕಲ್ಲಿದೆ, ಬಲಕ್ಕೆ ಕಣೋ!" ಎಂದು ಕೂಗಿದರು. ಆಮೇಲೆ ಇಡೀ ಬಯಲೇ ಕೂಗತೊಡಗಿತು. ಎಡಕ್ಕೆ! ಅಷ್ಟಲ್ಲ, ಅಷ್ಟಲ್ಲ! ಸಗಣಿ, ಸಗಣಿ! ನೆಟ್ಟಗೆ ಬಾ! ಇಪ್ಪತ್ತೊಂಬತ್ತರಲ್ಲಿ ಅವನ ಹಿಮ್ಮಡಿ ಜಾರಿತು; ಅವಳ ಹೆಬ್ಬೆರಳು ಬಿಸಿಲಿನ ಮೇಲೆ ಒಂದು ಕೂದಲೆಳೆಯಷ್ಟು ಎತ್ತರದಲ್ಲಿ ತೂಗಾಡಿತು. ಚೀಟಿಯವನು ಎರಡೂ ಅಂಗೈ ಎತ್ತಿ ಹಿಡಿದ. ಹೆಬ್ಬೆರಳು ಮೇಲಕ್ಕೆ ಬಂತು. ಅಂಗೈ ಕೆಳಗಿಳಿಯಿತು. ಮೂವತ್ತು. ಮೂವತ್ತೊಂದು. ನಲವತ್ತು.

ಎಳೆಗಳನ್ನು ಬಲಕ್ಕೆ ಹುರಿ ಮಾಡಿದ ಮೇಲೆ ಮೂರನ್ನೂ ಸೇರಿಸಿ ಎಡಕ್ಕೆ ಹೊಸೆಯಬೇಕು. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ. ಹಗ್ಗ ಹಗ್ಗವಾಗುವುದು ಆ ಜಗಳದಿಂದಲೇ. ಹಗ್ಗದವಳು ಅದನ್ನೂ ಮುಗಿಸಿದಳು. ಬಾವಿಯ ರಾಟೆಗೆ ಏರಿಸಿ, ಊರಿನ ದೊಡ್ಡ ಕೊಪ್ಪರಿಗೆ ಕಟ್ಟಿ ಇಳಿಬಿಟ್ಟರು. ತುಂಬಿದ ಕೊಪ್ಪರಿಗೆ ಮೇಲೆ ಬಂತು. ಒಂದು ನಾರೂ ಕದಲಿರಲಿಲ್ಲ. ಬಯಲು ಎದ್ದು ಕುಣಿಯಿತು. ಗಂಡನ ಪಾದದ ಮೇಲೆ ನಿಂತಿದ್ದ ಹಗ್ಗದವಳಿಗೆ ಆ ಕೂಗು ಕಾಲಿನ ಮೂಲಕವೇ ಏರಿ ಬಂದಂತಾಯಿತು.

ಚೀಟಿಯವನು ಲೇಖನಿ ಎತ್ತಿದ. ಎತ್ತಿದ್ದು ಗಾಳಿಯಲ್ಲೇ ನಿಂತಿತು.

"ನಡೆದವರು ಯಾರು?" ಎಂದ.

ಕುಣಿಯುತ್ತಿದ್ದವರು ಅವನತ್ತ ತಿರುಗಿದರು.

"ಹಗ್ಗ ಹೊಸೆಯುವುದೆಂದರೆ ಹಿಂದಕ್ಕೆ ನಡೆಯುವುದು ಎಂದು ಇವರೇ ಬರೆದುಕೊಟ್ಟಿದ್ದಾರೆ. ನಡೆದವನು ನೀರಿನವನು. ಅವನು ಊರಿನವನು. ಅಂದಮೇಲೆ ಅರ್ಧ ಕಸುಬು ಊರಿನಲ್ಲೇ ಇದೆ. ಇರುವ ಕಸುಬಿಗೆ ಚೀಟಿ ಇಲ್ಲ."

"ಅದೆಂಥ ನ್ಯಾಯ ರೀ!" ಎಂದು ಮಜ್ಜಿಗೆಯವಳು ತಿರುಗಣೆಯ ಹಿಡಿಯನ್ನೇ ಕಿತ್ತುಕೊಂಡು ಎದ್ದಳು. ಹಗ್ಗದವಳು ತಲೆ ಎತ್ತಿ ಸೂರ್ಯನನ್ನು ನೋಡಿದಳು. ಹೊತ್ತು ಮುಳುಗಲು ಇನ್ನು ಎಷ್ಟು ಗಳಿಗೆ ಎಂದು ಮಾತ್ರ ಯೋಚಿಸಿದಳು. ಏಳು ವರ್ಷ. ಏಳು ವರ್ಷ ಅವನು ಬೇರೆ ಯಾರ ಹಗ್ಗ ಕೊಳ್ಳುತ್ತಾನೆ?

ಬೆನ್ನ ಹಿಂದಿನಿಂದ ನೀರಿನವನು ಕೇಳಿದ: "ಅಂದರೆ ಸ್ವಾಮಿ, ನನಗೂ ಹಗ್ಗ ಹೊಸೆಯೋದು ಬರುತ್ತೆ ಅಂತೀರಾ?"

"ಅರ್ಧ ಬರುತ್ತದೆ."

"ಹಾಗಾದರೆ ಅರ್ಧ ಹಗ್ಗವಾದರೂ ಆಗಬೇಕಲ್ಲ ನನ್ನ ಕೈಯಲ್ಲಿ. ಕೊಡಿ ನಾರು."

ಅವನು ಅವಳನ್ನು ಮೆಲ್ಲಗೆ ಬಾವಿಯ ಕಟ್ಟೆಯ ಮೇಲೆ ಕೂರಿಸಿದ. ಅವಳು ಕಾಲು ಮಡಿಚಿ ಸೆರಗಿನೊಳಗೆ ಎಳೆದುಕೊಂಡಳು. ಮಜ್ಜಿಗೆಯವಳು ಹಿಡಿಯನ್ನು ಮತ್ತೆ ತಿರುಗಣೆಗೆ ಸಿಕ್ಕಿಸಿದಳು. ಅವನು ನಾರು ಕಟ್ಟಿಕೊಂಡ, ಹಿಂದುಮುಂದಾಗಿ. ನಾಲ್ಕು ಹೆಜ್ಜೆಗೆ ನಾರು ಕಾಲಿಗೆ ಸುತ್ತಿತು. ಆರು ಹೆಜ್ಜೆಗೆ ಕುತ್ತಿಗೆಗೆ ಸುತ್ತಿತು. "ಮದುಮಗ, ಮದುಮಗ!" ಎಂದು ಯಾರೋ ಕೂಗಿದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೇಗೋ ಮೂರು ಎಳೆ ಎಳೆದ, ಬಲಕ್ಕೆ ಹುರಿ ಮಾಡಿದ, ಮೂರನ್ನೂ ಸೇರಿಸಿದ.

ಸೇರಿಸಿ, ಮತ್ತೆ ಬಲಕ್ಕೇ ಹೊಸೆದ.

ಹಗ್ಗದವಳು ಕಟ್ಟೆಯ ಮೇಲೆ ಬೆಚ್ಚಿ ಕೂತಳು. ಈ ತಪ್ಪನ್ನು ಅವನು ಒಮ್ಮೆ ಮಾಡಿದ್ದ, ಮನೆಯ ಏಳು ಹೆಜ್ಜೆಯೊಳಗೆ, ಹೊತ್ತು ಹೋಗಲೆಂದು ಅವಳು ಕಲಿಸಲು ತೊಡಗಿದ ಮೊದಲ ದಿನ. ಗೆಣ್ಣಿನ ಮೇಲೆ ಒಂದು ಏಟು ತಿಂದಿದ್ದ. ಆಮೇಲೆ ಎಂದೂ ಮಾಡಿರಲಿಲ್ಲ. ಎರಡು ಹುಣ್ಣಿಮೆ ಕಳೆಯುವಷ್ಟರಲ್ಲಿ ಅವನು ಹೊಸೆದ ಕರುವಿನ ಹಗ್ಗ ಯಾವುದು, ತಾನು ಹೊಸೆದದ್ದು ಯಾವುದು ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಈಗ ಅವನು ನಾರನ್ನು ನೋಡುತ್ತಲೇ ಇರಲಿಲ್ಲ. ಚೀಟಿಯವನನ್ನು ನೋಡುತ್ತಿದ್ದ.

ಅವನು ಆ ಹಗ್ಗವನ್ನು ರಾಟೆಗೆ ಹಾಕಿ, ತನ್ನ ಮನೆಯ ಹಿತ್ತಾಳೆ ಕೊಡವನ್ನು ಕಟ್ಟಿದ. ಅವನ ತಂದೆಯ ಕಾಲದಿಂದ ಈವರೆಗೆ ಆ ಮನೆತನದವರ ಕೈಯಿಂದ ಬಾವಿಗೆ ಒಂದು ಕೊಡವೂ ಬಿದ್ದಿರಲಿಲ್ಲ. ಹೆಣ್ಣುಮಕ್ಕಳು ಕೊಡ ಕೊಡುವಾಗ, "ನೀರಿನವನ ಕೈಗೆ ಕೊಡು, ದೇವರ ಮನೆಯಲ್ಲಿಟ್ಟ ಹಾಗೆ" ಎನ್ನುತ್ತಿದ್ದರು. ಅವನು ಗಳಿಸಿದ ಹೆಸರೆಂದರೆ ಅದೊಂದೇ. ಕೊಡ ಇಳಿಯಿತು. ಹಗ್ಗ ತಾನಾಗಿ ತಿರುಗಿತು, ತಿರುಗಿ ತಿರುಗಿ ಬಿಚ್ಚಿಕೊಂಡಿತು, ಮೂರು ಎಳೆ ಮೂರು ದಾರಿ ಹಿಡಿದವು. ಪಾತಾಳದಿಂದ ಸದ್ದು ಬಂತು: ಗುಡುಂ.

ನೀರಿನವನ ಕಿವಿ ಕೆಂಪಾಗಿತ್ತು. ಅದು ನಟನೆಯಾಗಿರಲಿಲ್ಲ.

ಹಗ್ಗದವಳು ನಕ್ಕಳು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ನಗದಿದ್ದರೆ ಚೀಟಿಯವನು ಅವಳ ಮುಖ ನೋಡಿ ಗುಟ್ಟು ಹಿಡಿಯುತ್ತಿದ್ದ. ಅವಳ ಹಿಂದೆ ಬಯಲೆಲ್ಲ ನಕ್ಕಿತು. "ಅಯ್ಯೋ ನೀರಿನವನೇ, ನಿನಗೆ ಅರ್ಧ ಅಲ್ಲ, ಕಾಲೂ ಬರಲ್ಲವಲ್ಲೋ!" ಎಂದಳು ಮಜ್ಜಿಗೆಯವಳು. ಚೀಟಿಯವನ ಹೊಟ್ಟೆಯೂ ಕುಲುಕುತ್ತಿತ್ತು. ಕುಲುಕುತ್ತಲೇ ಬರೆದ: ಈ ಊರಿನಲ್ಲಿ ಹಗ್ಗ ಹೊಸೆಯಬಲ್ಲವರು ಒಬ್ಬರೂ ಇಲ್ಲ.

ಆಮೇಲೆ ಕಸುಬಿನ ಚೀಟಿ ಬರೆದುಕೊಟ್ಟು ಸುಣ್ಣದ ಬಟ್ಟಲು ತರಿಸಿದ. "ಇಳಿಯಮ್ಮ" ಎಂದ.

ಅವಳು ಕಟ್ಟೆಯಿಂದ ಇಳಿದಳು. ಮೂರು ತಿಂಗಳು ನೆರಳಿನಲ್ಲೇ ಇದ್ದ ಅಂಗಾಲು ಕೆಂಡ ತುಳಿದಂತಾಗಿ, "ಅಯ್ಯಯ್ಯೋ, ಸುಡುತ್ತೆ!" ಎಂದು ಕುಣಿದಾಡಿದಳು.

"ಸುಡಲಿ ಬಿಡೇ" ಎಂದಳು ಮಜ್ಜಿಗೆಯವಳು. "ನಿಂದೇ ಬಿಸಿಲು."

ಹೊತ್ತು ಸ್ವಲ್ಪ ವಾಲಿತ್ತು. ಅವಳ ಪಾದದಿಂದ ಹೊರಟ ಎರಡು ಮೊಳದ ನೆರಳು ನೆಲದ ಮೇಲೆ ಬಿದ್ದಿತ್ತು. ಚೀಟಿಯವನು ಬಗ್ಗಿ ಅದರ ಸುತ್ತ ಸುಣ್ಣದ ಗೆರೆ ಎಳೆದ. ಜಡೆ ಕೂಡ ಬಿಡದೆ ಎಳೆದ.

ಜನ ಕರಗಿದ ಮೇಲೆ ಕೊಡ ತೆಗೆಯುವುದೊಂದು ಉಳಿಯಿತು. ಅವಳ ಹಗ್ಗವನ್ನು ನಡುವಿಗೆ ಕಟ್ಟಿಕೊಂಡು ನೀರಿನವನು ಬಾವಿಗಿಳಿದ. ಹಗ್ಗದ ಇನ್ನೊಂದು ಕೊನೆಯನ್ನು ಕಟ್ಟೆಯ ಕಂಬಕ್ಕೆ ಎರಡು ಸುತ್ತು ಸುತ್ತಿ, ಅವಳು ಒಬ್ಬಳೇ ಹಿಡಿದು ನಿಂತಳು. ನಿಂತಲ್ಲಿಂದ ಬಗ್ಗಿ ನೋಡಿದಳು. ಕೇಳಬೇಕೆಂದಿದ್ದಳು, ಬೇಕೆಂದೇ ಅಲ್ಲವಾ ಬಲಕ್ಕೆ ಹೊಸೆದದ್ದು ಎಂದು. ಕೇಳಲಿಲ್ಲ. ಚೀಟಿಮನೆಗೆ ಕಿವಿ ಉದ್ದ.

ಕೆಳಗಿನಿಂದ, ನೀರಿನ ಪಕ್ಕದಿಂದ, ಅವನ ದನಿ ಸುತ್ತಿ ಸುತ್ತಿ ಬಂತು: "ಏನೂ ಕಾಣ್ತಿಲ್ಲ ಕಣೇ ಇಲ್ಲಿ! ನಿನ್ನ ನೆರಳು ಬೀಳ್ತಿದೆ ಬಾವಿ ಮೇಲೆ. ಸ್ವಲ್ಪ ಆಚೆ ಸರಿ!"

"ಸರಿಯೋದಿಲ್ಲ!" ಎಂದು ಅವಳು ಕೂಗಿದಳು, ಇನ್ನಷ್ಟು ಬಗ್ಗಿ. "ಒಂದು ಗಳಿಗೆ ಇರಲಿ. ಕೈಯಲ್ಲೇ ತಡವಿ ಹುಡುಕು!"